ಅನುಮತಿ ಕೊಟ್ಟವಳು ನಾನು

ಬಿನೀಷ್ ಕಳ್ಳನಲ್ಲ. ನನ್ನ ಅತ್ತಿಗೆ ಬರೆದ ಚಿತ್ರವನ್ನು ತೆಗೆದುಕೊಂಡು ತಿದ್ದಲು ಅವನಿಗೆ ಅನುಮತಿ ಇತ್ತು. ಆ ಅನುಮತಿ ಕೊಟ್ಟವಳು ನಾನು — ಅತ್ತಿಗೆ ಬೇಡವೆಂದು ಬಾಯಿಬಿಟ್ಟು ಹೇಳಿದ ಮೇಲೂ. ಎಲ್ಲರೂ ಅವನನ್ನು ಕಳ್ಳನೆಂದಾಗ ನಾನು ಅಲ್ಲೇ ನಿಂತಿದ್ದೆ.

ನಳಿನಿ ನನ್ನ ಅಣ್ಣನ ಹೆಂಡತಿ. ಪಯ್ಯಂಪಳ್ಳಿಯಲ್ಲಿ ನಮ್ಮದು ಕಾಫಿ, ಮೆಣಸು ಬೆಳೆಯುವ ಮನೆ; ಹೊರಗೆ ಮಲಯಾಳ, ಒಳಗೆ ಕನ್ನಡ, ಮಗಳನ್ನು ಮಾತ್ರ ಒಳಗೂ ಮೋಳ್ ಎನ್ನುವುದು. ಮಗಳು ಚಿನ್ನು ಜ್ವರ ಬಂದು ತೀರಿಕೊಂಡ ಮೇಲೆ ಅತ್ತಿಗೆ ಬಹಳ ಕಾಲ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಚಿತ್ರ ಬರೆಯತೊಡಗಿದರು. ಎಲ್ಲದರಲ್ಲೂ ಚಿನ್ನುವೇ — ಕಾಫಿ ಕಣ ಕಾಯಲು ಕೂತ ಹುಡುಗಿ, ಮಂಗಗಳ ಹಿಂದೆ ಓಡುವ ಹುಡುಗಿ, ಕೊನೆಗೆ ಗೋಣಿಯ ಮೇಲೆ ನಿದ್ದೆಹೋದ ಹುಡುಗಿ. ನಾನು ಅದಕ್ಕೆ ನಮ್ಮ ಮನೆಮಾತಿನಲ್ಲೇ ಕಥೆ ಬರೆದೆ. ಯಾರು ಬೇಕಾದರೂ ಓದಲೆಂದು ಮಕ್ಕಳ ಪುಸ್ತಕಗಳನ್ನು ಇಡುವ ಒಂದು ಜಾಲತಾಣಕ್ಕೆ ಹಾಕೋಣ ಎಂದೆ.

"ಎಲ್ಲಾರೂ ಓದಲಿ, ಶಾರದಾ," ಎಂದರು ಅತ್ತಿಗೆ. "ಆದ್ರೆ ಚಿನ್ನುಮೋಳ ಮುಖ ಮಾತ್ರ ಯಾರೂ ಮುಟ್ಟೋದು ಬೇಡ."

"ಆಯ್ತು," ಎಂದೆ.

ನಾನು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್. ಮುಕ್ತ ತಂತ್ರಾಂಶದ ಬಗ್ಗೆ ಮಕ್ಕಳ ಮುಂದೆ ಗಂಟೆಗಟ್ಟಲೆ ಮಾತಾಡಿದವಳು — ತೆಗೆದುಕೊಳ್ಳಿ, ಬಿಚ್ಚಿ ನೋಡಿ, ತಿದ್ದಿ, ಇನ್ನೊಬ್ಬರಿಗೆ ಕೊಡಿ. ಹಾಗಾಗಿ ಯಾವ ಪರವಾನಗಿ ಬೇಕು ಎಂದು ಜಾಲತಾಣ ಕೇಳಿದಾಗ ತಿಳಿಯದೆ ಒತ್ತಿದೆ ಎನ್ನುವಂತಿಲ್ಲ. ಒಂದರಲ್ಲಿ, ಹೆಸರು ಹೇಳಿ ಹಂಚಬಹುದು, ಬದಲಾಯಿಸುವಂತಿಲ್ಲ. ಇನ್ನೊಂದರಲ್ಲಿ, ಬದಲಾಯಿಸಬಹುದು, ಆದರೆ ಬದಲಾಯಿಸಿದ್ದನ್ನೂ ಹಾಗೆಯೇ ಎಲ್ಲರಿಗೂ ಬಿಟ್ಟುಕೊಡಬೇಕು. ಮತ್ತೊಂದರಲ್ಲಿ, ಹೆಸರು ಹಾಕಿದರೆ ಸಾಕು, ಏನು ಬೇಕಾದರೂ ಮಾಡಬಹುದು. ಅತ್ತಿಗೆ ಕೇಳಿದ್ದು ಮೊದಲನೆಯದು. ನಾನು ಒತ್ತಿದ್ದು ಕೊನೆಯದು.

ತಿದ್ದಲಾಗದ ಪ್ರೋಗ್ರಾಮ್ ಮೂಲೆ ಸೇರುತ್ತದೆ, ಪುಸ್ತಕವೂ ಅಷ್ಟೇ — ಎಂದು ನನಗೆ ನಾನೇ ಹೇಳಿಕೊಂಡೆ. ಮಗುವಿನ ಮುಖ ಪ್ರೋಗ್ರಾಮ್ ಅಲ್ಲ. ಅದು ಆಗಲೂ ಗೊತ್ತಿತ್ತು. ನಿಜವೇನೆಂದರೆ, ಪೂರ್ತಿ ಮುಕ್ತವಾಗಿ ಬಿಟ್ಟ ಪುಸ್ತಕಗಳನ್ನು ಮಾತ್ರ ಜಾಲತಾಣದವರು ಮೊದಲ ಪುಟದಲ್ಲಿ ತೋರಿಸುತ್ತಿದ್ದರು. ನನಗೆ ನನ್ನ ಹೆಸರು ಅಲ್ಲಿ ಕಾಣಬೇಕಿತ್ತು.

ಮರುವರ್ಷ ಕಾಡಾನೆಗಳ ಕಾಟ ಹೆಚ್ಚಿದಾಗ ಊರಿನ ವಾಚನಾಲಯದವರು ಎಚ್ಚರಿಕೆಯ ಪೋಸ್ಟರ್ ಅಂಟಿಸಿದರು. ಬಸ್ಸಿಳಿದ ಅತ್ತಿಗೆ ಅದನ್ನು ನೋಡಿದರು. ಗೋಣಿಯ ಮೇಲೆ ಮಲಗಿದ್ದ ಚಿನ್ನು ಈಗ ಮಣ್ಣಿನಲ್ಲಿ ಬಿದ್ದಿದ್ದಳು. ಹಣೆಯಲ್ಲಿ ರಕ್ತ. ಸುತ್ತ ಆನೆಯ ಹೆಜ್ಜೆ. ಕೆಳಗೆ ಸಣ್ಣ ಅಕ್ಷರದಲ್ಲಿ, ನಿಯಮ ಹೇಳುವಂತೆಯೇ — ಚಿತ್ರ: ನಳಿನಿ.

ಅತ್ತಿಗೆ ಅದನ್ನು ಉಗುರಿನಿಂದ ಕೆರೆದು ಕಿತ್ತರಂತೆ. ಸಂಜೆ ನನ್ನನ್ನು ಕರೆದುಕೊಂಡು ವಾಚನಾಲಯಕ್ಕೆ ಹೋದರು. ಪೋಸ್ಟರ್ ಮಾಡಿದವನು ಬಿನೀಷ್, ನನ್ನ ಹಳೆಯ ವಿದ್ಯಾರ್ಥಿ. ಅತ್ತಿಗೆಯ ಮುಷ್ಟಿಯಲ್ಲಿದ್ದ ಚೂರುಗಳನ್ನು ನೋಡಿ ಅವನು ಎದ್ದು ನಿಂತ.

"ಚೇಚಿ, ಇದು ನಿಮ್ಮ ಮೋಳ್ ಅಂತ ನಂಗೆ ಗೊತ್ತಿರ್ಲಿಲ್ಲ. ತಪ್ಪಾಯ್ತು. ಆದ್ರೆ ಕದ್ದದ್ದಲ್ಲ. ತಿದ್ದಬಹುದು ಅಂತ ಆ ಪುಸ್ತಕದಲ್ಲೇ ಉಂಟು. ಹೆಸರು ಹಾಕಬೇಕು ಅಂತ ಇತ್ತು, ಹಾಕಿದೀನಿ." ನನ್ನತ್ತ ತಿರುಗಿದ. "ಟೀಚರೇ ಕಲಿಸಿದ್ದಲ್ವಾ ಇದು?"

ಅತ್ತಿಗೆ ಕೇಳಿದರು, "ಇವ ಹೇಳೋದು ಸತ್ಯವಾ, ಶಾರದಾ?"

"ಅಲ್ಲ ಅತ್ತಿಗೆ. ನಾನು ಹಾಗೆ ಕೊಟ್ಟಿಲ್ಲ."

ಅವನು ಫೋನ್ ತೆಗೆದು ತೋರಿಸಲು ಹೋದ. ಟೀಚರ್ ಹೇಳಿದ ಮೇಲೆ ಇನ್ನೇನು ನೋಡುವುದು ಎಂದು ವಾಚನಾಲಯದ ಕಾರ್ಯದರ್ಶಿ ತಡೆದರು. ಬಿನೀಷ್ ನನ್ನನ್ನೇ ನೋಡಿದ. ಅವನಿಗೆ ಅರ್ಥವಾಗಿತ್ತು. ಆದರೂ ಅತ್ತಿಗೆಗೆ ಕೈಮುಗಿದು ಹೊರಗೆ ಹೋದ. ಕಳ್ಳನೆಂದು ವಾಚನಾಲಯದಿಂದ ಅವನನ್ನು ತೆಗೆದರು. ಅತ್ತಿಗೆ ಮತ್ತೆ ಕುಂಚ ಹಿಡಿಯಲಿಲ್ಲ.

ಆ ವಾರವೇ ನಾನು ಗುಟ್ಟಾಗಿ ಪರವಾನಗಿ ಬದಲಾಯಿಸಿದೆ. ಆದರೆ ಒಮ್ಮೆ ಕೊಟ್ಟ ಅನುಮತಿ ಹಿಂದಕ್ಕೆ ಬರುವುದಿಲ್ಲ. ಅದಾಗಲೇ ಇಳಿಸಿಕೊಂಡವರ ಬಳಿ ಅದು ಹಾಗೆಯೇ ಉಳಿಯುತ್ತದೆ. ಈಚೆಗೆ ವೆಳ್ಳಮುಂಡದ ಒಂದು ಅಂಗಡಿಯ ಗೋಡೆಯ ಮೇಲೆ ಹಾಸಿಗೆಯ ಜಾಹೀರಾತು ಕಂಡೆ. ಮೆತ್ತನೆಯ ದಿಂಬಿನ ಮೇಲೆ ಚಿನ್ನು ಮಲಗಿದ್ದಳು.

ಇನ್ನು ಮುಚ್ಚಿಡಲಾರದೆ ಮೊದಲು ಬಿನೀಷ್‌ನ ಹತ್ತಿರ ಹೋದೆ. ಈಗ ಅವನದು ಚಿಕ್ಕದೊಂದು ಫ್ಲೆಕ್ಸ್ ಅಂಗಡಿ. ನಾನು ಹೇಳಿ ಮುಗಿಸುವವರೆಗೂ ಕೆಲಸ ನಿಲ್ಲಿಸಿ ಕೇಳಿದ. "ನಂಗೆ ಅವತ್ತೇ ಗೊತ್ತಿತ್ತಲ್ಲ ಟೀಚರ್. ಚೇಚಿಗೆ ಹೇಳಿ," ಎಂದ. ಕ್ಷಮಿಸಿದೆ ಎನ್ನಲಿಲ್ಲ.

ಅತ್ತಿಗೆಗೂ ಹೇಳಿದೆ. ಅಡುಗೆಮನೆಯಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. "ಈಗ ಎಲ್ಲಾ ಕಡೆಯಿಂದ ತೆಗೆಸೋಕಾಗುತ್ತಾ?" ಎಂದಷ್ಟೇ ಕೇಳಿದರು.

"ಇಲ್ಲ ಅತ್ತಿಗೆ. ಆಗಲ್ಲ."

ಅವರು ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ನನ್ನ ಕಡೆ ನೋಡದೆ ರಸ್ತೆಗಿಳಿದರು. ನಾನು ದೂರದಿಂದ ಹಿಂಬಾಲಿಸಿದೆ. ಫ್ಲೆಕ್ಸ್ ಅಂಗಡಿಯ ಮೆಟ್ಟಿಲ ಮೇಲೆ, ಏನೂ ತಪ್ಪು ಮಾಡದ ನನ್ನ ಅತ್ತಿಗೆ, ಬಿನೀಷ್‌ನ ಎರಡೂ ಕೈ ಹಿಡಿದುಕೊಂಡು ಏನೋ ಹೇಳುತ್ತಿದ್ದರು. ಅವನು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. ಅಲ್ಲಿಗೆ ಹೋಗಿ ಅವರ ಪಕ್ಕ ನಿಲ್ಲುವ ಧೈರ್ಯವೂ ನನಗಾಗಲಿಲ್ಲ.