ದೊಡ್ಡಜ್ಜನಿಗೆ ನಾನು ಮಾಡಿಸಿದ ಎರಡನೆಯ ಮದುವೆ

ನಮ್ಮ ಮನೆತನದ ಗಿಡದಲ್ಲಿ ಈಗ ಸಾವಿರದ ಮುನ್ನೂರಕ್ಕೂ ಹೆಚ್ಚು ಜನ ಇದ್ದಾರೆ. ಇಂಟರ್‌ನೆಟ್ಟಿನಲ್ಲಿ ನಾನು ಬೆಳೆಸಿದ ವಂಶವೃಕ್ಷ ಅದು. ಸಿಂದಗಿಯ ಸಾಲಿಯಲ್ಲಿ ಪಾಠ ಹೇಳಿ ನಿವೃತ್ತಿಯಾದ ವರ್ಷ ಶುರು ಮಾಡಿದೆ. ಮೊದಲು ಬಳಸುತ್ತಿದ್ದ ತಾಣ ಒಂದು ದಿನ ಹೇಳದೆ ಕೇಳದೆ ಮುಚ್ಚಿಹೋಯಿತು. ನಾನೇನು ಬಿಡುವವಳೇ? ಇನ್ನೊಂದು ತಾಣ ಹುಡುಕಿ, ನೋಟುಬುಕ್ಕು ಮುಂದಿಟ್ಟುಕೊಂಡು, ಆರು ತಿಂಗಳು ಒಂದೇ ಬೆರಳಿನಲ್ಲಿ ಎಲ್ಲರನ್ನೂ ಮತ್ತೆ ಹುಟ್ಟಿಸಿದೆ.

ಇದಕ್ಕೆ ಮೊದಲಿನಿಂದಲೂ ಮೂಗು ಮುರಿದವನು ನನ್ನ ದೊಡ್ಡಪ್ಪನ ಮಗ. ಯಂಕಂಚಿಯ ಹಳೆಯ ಮನೆಯಲ್ಲಿರುವ ಅಣ್ಣ. ಮನೆತನದಲ್ಲಿ ಈಗ ಅವನೇ ಹಿರಿಯ. ನಮ್ಮ ಕಡೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಹೆಳವರು ಬರುತ್ತಾರೆ. ಹಳೆಯ ಪುಸ್ತಕ ಬಿಚ್ಚಿ ಮನೆತನದ ಹತ್ತು ತಲೆಮಾರನ್ನು ಓದಿ ಹೇಳಿ, ಕಾಳು ಬಟ್ಟೆ ಪಡೆದು ಹೋಗುತ್ತಾರೆ. ಅಣ್ಣನಿಗೆ ಅದೇ ವೇದ. ನಮ್ಮ ಹೆಳವನ ಪುಸ್ತಕದಲ್ಲಿ ಗಂಡಸರು ಮಾತ್ರ ಇದ್ದರು. ನಾನು ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ಅವರ ತವರೂರಿನ ಸಮೇತ ಸೇರಿಸತೊಡಗಿದಾಗ ಅವನಿಗೆ ತಡೆಯಲಾಗಲಿಲ್ಲ.

"ಕೊಟ್ಟ ಹೆಣ್ಣು ಹೊರಗಿನಾಕಿ, ತಂಗಿ. ಸೊಸಿ ತವರು ತಗೊಂಡು ಏನ್ ಮಾಡ್ತಿ? ಹೆಳವನ ಬರಿಯೂದಿಲ್ಲ, ನಿಂದೇನಿದು ಹೊಸಾದು?"

"ಹೆಳವಗ ಹೊಟ್ಟಿಪಾಡು ಐತಿ. ನನಗ ಪೆನ್ಷನ್ ಬರತೈತಿ, ನಾ ಬರೀತೇನಿ," ಎಂದೆ.

ಅಂದಿನಿಂದ ನಾನು ಅವನ ಬಾಯಲ್ಲಿ "ಕಂಪ್ಯೂಟರ್ ಹೆಳವಿ" ಆದೆ. ಮದುವೆ, ಸೀಮಂತದ ಕುಬಸ, ಎಲ್ಲಿಗೇ ಹೋಗಲಿ, "ಬಂದ್ಳು ನೋಡ್ರಿ ಹೆಳವಿ, ಎತ್ತು ಎಲ್ಲಿ ಕಟ್ಟಿ ಬಂದಿಯವ್ವಾ?" ಎಂದು ಹತ್ತು ಜನರೆದುರು ನಗುತ್ತಿದ್ದ. ತನ್ನ ಒಬ್ಬ ಮಗನ ಹೆಸರು ಹೇಳಿದ. ಹೆಣ್ಣುಮಕ್ಕಳ ಹೆಸರು ಕೇಳಿದರೆ ಎದ್ದು ಹೊಲಕ್ಕೆ ಹೋಗಿಬಿಡುತ್ತಿದ್ದ. ಅವರು ಮೂವರು, ಎಲ್ಲರೂ ನನ್ನ ಕೈಯಲ್ಲೇ ಅಕ್ಷರ ಕಲಿತವರು. ನಾನೇ ಬರೆದುಬಿಡಬಹುದಿತ್ತು. ಅಪ್ಪನ ಬಾಯಿಂದಲೇ ಬರಲಿ ಎಂದು ಹಟ ಹಿಡಿದು ಆ ಜಾಗ ಖಾಲಿ ಬಿಟ್ಟಿದ್ದೆ.

ಗಿಡದಲ್ಲಿ ಇನ್ನೊಂದು ಖಾಲಿ ಜಾಗವಿತ್ತು. ನಮ್ಮ ಅಜ್ಜನ ಅಣ್ಣ, ಅಂದರೆ ನಮ್ಮ ದೊಡ್ಡಜ್ಜ, ತಮ್ಮನೊಡನೆ ಜಗಳವಾಡಿ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟಿದ್ದ. ಹೆಳವನೂ "ಊರು ಬಿಟ್ಟ" ಎಂದು ಓದಿ ಅಲ್ಲಿಗೆ ಹಾಳೆ ಮಗುಚುತ್ತಿದ್ದ. ಅವನ ಹೆಂಡತಿಯ ತವರು ಹೊರ್ತಿ ಎನ್ನುವುದು, ಆ ತವರಿನ ಅಡ್ಡಹೆಸರು, ಇಷ್ಟೇ ನನಗೆ ಗೊತ್ತಿತ್ತು. ನಮ್ಮ ಅಜ್ಜಿ ತನ್ನ ನೆಗೆಣ್ಣಿಯನ್ನು ನೆನೆದಾಗಲೆಲ್ಲ "ಹೊರ್ತಿಯಾಕಿ" ಎಂದು ಅಳುತ್ತಿದ್ದಳು.

ಒಂದು ದಿನ ತಾಣವೇ ನನಗೆ ಸುದ್ದಿ ಕಳಿಸಿತು. ಮುದ್ದೇಬಿಹಾಳದ ಯಾವುದೋ ಮನೆತನದ ಗಿಡದಲ್ಲಿ ನಮ್ಮ ದೊಡ್ಡಜ್ಜನ ಹೆಸರಿನವನೇ ಒಬ್ಬನಿದ್ದಾನೆ, ಇಬ್ಬರೂ ಒಬ್ಬರೇ ಇರಬಹುದು, ಕೂಡಿಸಲೇ ಎಂದು ಕೇಳಿತು. ನೋಡಿದೆ. ಹೆಸರು ಅದೇ, ತಂದೆಯ ಹೆಸರೂ ಅದೇ. ಅಡ್ಡಹೆಸರು ನಮ್ಮೂರಿನದು. ಹೆಂಡತಿ ಮಾತ್ರ ನಿಡಗುಂದಿಯವಳು. ಆಗಿನ ಗಂಡಸರಿಗೆ ಎರಡು ಮದುವೆ ಏನು ದೊಡ್ಡದು? ಹೊರ್ತಿಯವಳು ತೀರಿರಬೇಕು, ನಿಡಗುಂದಿಯವಳನ್ನು ತಂದಿರಬೇಕು ಎಂದು ನಾನೇ ತೀರ್ಮಾನಿಸಿ ಗುಂಡಿ ಒತ್ತಿಬಿಟ್ಟೆ. ಕಳೆದುಹೋದ ದೊಡ್ಡಜ್ಜ ಸಿಕ್ಕ ಎಂದು ಓಣಿಗೆಲ್ಲ ಪೇಢೆ ಹಂಚಿದೆ.

ನಮ್ಮ ಕಡೆ ಊರು ಬಿಟ್ಟವರಿಗೆಲ್ಲ ಆ ಊರಿನ ಹೆಸರೇ ಅಡ್ಡಹೆಸರಾಗಿ ಅಂಟುತ್ತದೆ. ಅಜ್ಜನ ಹೆಸರು ಮೊಮ್ಮಗನಿಗೆ, ದೇವರ ಹೆಸರು ಮನೆಗೊಬ್ಬನಿಗೆ. ಹೀಗಾಗಿ ಒಂದೇ ಹೆಸರಿನವರು ಊರಿಗೆ ಹತ್ತು ಜನ. ಮೂವತ್ತೈದು ವರ್ಷ ಹಾಜರಿ ಕರೆದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಖುಷಿ ಕಣ್ಣು ಕಟ್ಟಿತ್ತು, ಅಷ್ಟೇ.

ನಾಲ್ಕು ವರ್ಷ ಏನೂ ಆಗಲಿಲ್ಲ. ಆಮೇಲೆ ನನ್ನ ತಮ್ಮನ ಮೊಮ್ಮಗಳ ಮದುವೆ ಕೂಡಿಬಂತು. ಬಸವನ ಬಾಗೇವಾಡಿಯ ಆಸ್ಪತ್ರೆಯೊಂದರಲ್ಲಿ ನರ್ಸು ಅವಳು. ಹುಡುಗ ಅಲ್ಲಿಯೇ ಬ್ಯಾಂಕಿನಲ್ಲಿದ್ದ. ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಆಮೇಲೆ ಹಿರಿಯರಿಗೆ ಹೇಳಿದ್ದರು. ಹುಡುಗನ ಮನೆಯವರು ಮುದ್ದೇಬಿಹಾಳದವರು. ಎಲ್ಲರೂ ಒಪ್ಪಿ ನಿಶ್ಚಯದ ದಿನ ಗೊತ್ತು ಮಾಡಿದ್ದಾಯಿತು. ಜನ್ಮದಲ್ಲಿ ನನ್ನ ಗಿಡ ನೋಡದ ಅಣ್ಣ ಆಗಲೇ ಯಾರದೋ ಮೊಬೈಲಿನಲ್ಲಿ ಅದನ್ನು ತೆರೆಸಿ ನೋಡಬೇಕೇ? ಆ ಹುಡುಗ ನಮ್ಮ ದೊಡ್ಡಜ್ಜನ ವಂಶದವನು ಎಂದು ಅದರಲ್ಲಿ ಸ್ಪಷ್ಟವಾಗಿ ಇತ್ತು, ಬರೆದ ನನಗೇ ಹೊಳೆದಿರಲಿಲ್ಲ.

"ಒಂದ ಮನೆತನ. ಅಣ್ಣ-ತಂಗಿ ಆಗ್ತಾರ. ಈ ಲಗ್ನ ಆಗೂದಿಲ್ಲ," ಎಂದು ಅಣ್ಣ ಸಾರಿಬಿಟ್ಟ. ಹುಡುಗನ ಮನೆಯವರು ತಮ್ಮ ಬೆಡಗು, ಅಂದರೆ ಕುಲದ ಗುರುತು, ಬೇರೆ ಎಂದರು. "ಊರು ಬಿಟ್ಟವರಿಗೆ ಬೆಡಗು ಎಲ್ಲಿ ನೆನಪಿರತೈತ್ರಿ? ನಮ್ಮ ಹೆಳವೀನ ಬರದಾಳ, ನೋಡ್ರಿ!" ಎಂದು ನನ್ನತ್ತ ಬೆರಳು ತೋರಿಸಿದ. ಹತ್ತು ವರ್ಷದಲ್ಲಿ ಅವನು ನನ್ನ ಕೆಲಸವನ್ನು ನಂಬಿದ್ದು ಅದೊಂದೇ ಸಲ, ಅದೂ ನನ್ನ ತಪ್ಪನ್ನು. ಮೈಯೆಲ್ಲ ಉರಿದುಹೋಯಿತು.

ಮರುದಿನ ಹುಡುಗಿ ನನ್ನ ಮನೆಗೇ ಬಂದಳು. ಅತ್ತು ಅತ್ತು ಮುಖ ಬಾತಿತ್ತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಆಯಿ, ನಿನ್ನ ಗಿಡದಾಗ ನನ್ನ ಗಂಡನ್ನ ನನ್ನ ಅಣ್ಣನ್ನ ಮಾಡೀಯಲ್ಲ! ಅವನ್ನ ಬಿಟ್ಟು ನಾ ಯಾರನ್ನೂ ಆಗೂದಿಲ್ಲ, ಹೇಳಿರ್ತೇನಿ."

ಅವಳನ್ನು ಕೂಡಿಸಿಕೊಂಡು ಕಂಪ್ಯೂಟರ್ ಹಚ್ಚಿದೆ. ದೊಡ್ಡಜ್ಜನ ಹೆಸರಿನ ಪಕ್ಕದಲ್ಲಿ ಇಬ್ಬರು ಹೆಂಡಿರು. ಹೊರ್ತಿಯವಳು ತೀರಿದಳು ಎಂದು ನನಗೆ ಹೇಳಿದವರು ಯಾರು? ಯಾರೂ ಇಲ್ಲ. ಆ ತಾಯಿಯನ್ನು ಸಾಯಿಸಿದವಳು ನಾನೇ!

"ಏಳವ್ವಾ," ಎಂದೆ. "ಹೊರ್ತಿಗೆ ಹೋಗೂಣು."

ಸಿಂದಗಿಯಿಂದ ಇಂಡಿ, ಇಂಡಿಯಿಂದ ಹೊರ್ತಿ. ದೊಡ್ಡಜ್ಜನ ಹೆಂಡತಿಯ ತವರಿನ ಅಡ್ಡಹೆಸರು ನನ್ನ ನೋಟುಬುಕ್ಕಿನಲ್ಲಿತ್ತು. ಅದನ್ನು ಹಿಡಿದು ಹೊರ್ತಿಯ ಅಗಸಿ ಬಾಗಿಲಲ್ಲಿ ಕೂತವರನ್ನು ಕೇಳಿದೆವು, ಮನೆ ತೋರಿಸಿದರು. ಕಟ್ಟೆಯ ಮೇಲೆ ಎಂಬತ್ತು ದಾಟಿದ ಒಬ್ಬ ಮುದುಕಿ ಕುಸುಬಿ ಆರಿಸುತ್ತಿದ್ದಳು. ಯಾರು, ಎತ್ತ ಎಂದು ಕೇಳುವ ಮೊದಲೇ ಒಳಗೆ ಕೂಗಿ ನೀರು ತರಿಸಿ, "ಕುಡೀರಿ, ಬಿಸಲಾಗ ಬಂದೀರಿ," ಎಂದಳು.

ನೀರು ಬಂದದ್ದು ಹಿತ್ತಾಳೆಯ ತಂಬಿಗೆಯಲ್ಲಿ. ಎತ್ತಿ ಕುಡಿಯಬೇಕು, ಕಂಠದ ಕೆಳಗೆ ಕೆತ್ತಿದ ಅಕ್ಷರ ಕಂಡಿತು. ನಮ್ಮ ಮುತ್ತಜ್ಜನ ಹೆಸರು. ಹೆಸರೇನು, ಯಾರದೂ ಇರಬಹುದು. ಆ ಪಾಠ ನಾನು ಕಲಿತಿದ್ದೆ. ಆದರೆ ಅದರ ಕೆಳಗೆ ಒಂದು ಜೋಳದ ತೆನೆ, ಎಡಕ್ಕೆ ಬಾಗಿದ್ದು! ಯಂಕಂಚಿಯಲ್ಲಿ ಅಣ್ಣ ದಿನಾ ನೀರು ಕುಡಿಯುವ ತಂಬಿಗೆಯ ಮೇಲೆ ಇರುವುದೂ ಅದೇ ಹೆಸರು, ಅದೇ ತೆನೆ. ಇಬ್ಬರು ಮಕ್ಕಳಿಗೆಂದು ಮುತ್ತಜ್ಜ ಮಾಡಿಸಿದ ಜೋಡಿಯದು ಎಂದು ಅಜ್ಜಿ ಹೇಳುತ್ತಿದ್ದಳು. ತಂಬಿಗೆಯನ್ನು ತಿರುಗಿಸಿ ನೋಡುವ ಆತುರದಲ್ಲಿ ಸೀರೆಯ ಮೇಲೆಲ್ಲ ನೀರು ಚೆಲ್ಲಿಕೊಂಡೆ.

"ನಾವು ಯಂಕಂಚಿಯವರು. ಇದು ಯಾರದ್ರೀ ತಂಬಿಗಿ?"

"ನಮ್ಮವ್ವನ ಅಪ್ಪಂದು," ಎಂದಳು ಮುದುಕಿ. "ಅವ ಈ ಮನಿ ಅಳಿಯ. ತಮ್ಮನ ಕೂಡ ಜಗಳಾ ಮಾಡಿ ಬಂದು ಇಲ್ಲೇ ಉಳದ. ನನ್ನ ತನ್ನ ತೊಡಿಮ್ಯಾಗ ಕೂಡಿಸ್ಕೊಂಡು ಉಣಸ್ತಿದ್ದ. ಒಬ್ಬಾಕಿ ಮಗಳು, ನಮ್ಮವ್ವ. ಸೋದರಮಾವಗ ಕೊಟ್ಟು ಮನ್ಯಾಗ ಇಟ್ಕೊಂಡ್ರು. ಅಜ್ಜ ಸಾಯೂತನಕ ಎಲ್ಲಿಗೂ ಹೋಗಲಿಲ್ಲ. ನಿಮ್ಮವರು ಯಾರೂ ಬಂದು ಕೇಳಲೂ ಇಲ್ಲ."

ದೊಡ್ಡಜ್ಜ ಮುದ್ದೇಬಿಹಾಳಕ್ಕೆ ಹೋಗಿಯೇ ಇರಲಿಲ್ಲ. ಒಂದು ದಿನದ ದಾರಿಯಲ್ಲಿದ್ದ ಹೊರ್ತಿಯಲ್ಲಿ, ಮಗಳನ್ನು ಮೊಮ್ಮಗಳನ್ನು ಸಾಕಿಕೊಂಡು ಕೊನೆತನಕ ಇದ್ದ. ಸೊಸೆಯ ತವರನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಕಾರಣ ಅಲ್ಲಿಗೆ ಯಾರೂ ಹೋಗಿ ನೋಡಿರಲಿಲ್ಲ. ನಾನು ಮುದುಕಿಯನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತೆ. ಹುಡುಗಿ ನಗುತ್ತ, ಅಳುತ್ತ ಅಲ್ಲಿಂದಲೇ ಹುಡುಗನಿಗೆ ಫೋನು ಹಚ್ಚಿದಳು.

ಎರಡು ದಿನದ ಮಟ್ಟಿಗೆ ತಂಬಿಗೆ ಕೊಡಿ ಎಂದರೆ ಮುದುಕಿ ಒಪ್ಪಲಿಲ್ಲ. "ತಂಬಿಗಿ ಕೊಡೂದಿಲ್ಲ, ನಾನ ಬರ್ತೇನಿ. ಅಜ್ಜನ ಊರು ಒಮ್ಮೆರ ನೋಡ್ತೇನಿ." ಯಂಕಂಚಿಯವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಕೂಡಿದ್ದರು, ಹುಡುಗನ ಅಪ್ಪನೂ ಬಂದಿದ್ದರು. ನಾನು ನಿಂತುಕೊಂಡೇ ಹೇಳಿದೆ:

"ತಪ್ಪು ನಂದು. ಇಬ್ಬರು ಗಂಡಸರನ್ನ ಒಬ್ಬನ್ನ ಮಾಡಿದೆ. ಸತ್ತ ಮ್ಯಾಲ ದೊಡ್ಡಜ್ಜಗ ಎರಡನೇ ಲಗ್ನಾ ಮಾಡಿಸಿದೆ. ಬೈಯೂದಿದ್ದರ ನನಗ ಬೈರಿ, ಹುಡುಗೂರಿಗೆ ಬ್ಯಾಡ."

ಮುದುಕಿ ತಂಬಿಗೆಯನ್ನು ಅಣ್ಣನ ತಂಬಿಗೆಯ ಪಕ್ಕದಲ್ಲಿಟ್ಟಳು. ಎರಡು ತೆನೆ, ಎರಡೂ ಎಡಕ್ಕೆ. ಅಣ್ಣ ಎರಡನ್ನೂ ಎತ್ತಿ ನೋಡಿದ, ತಿರುಗಿಸಿ ನೋಡಿದ, ಬೆರಳಾಡಿಸಿದ. ಆಮೇಲೆ ಮುದುಕಿಯ ಕಾಲು ಮುಟ್ಟಿ, "ಅಕ್ಕಾ, ಭಾಳ ತಡಾ ಆತು, ಊಟ ಮಾಡ್ರಿ," ಎಂದ. ಹುಡುಗನ ಅಪ್ಪನ ಕಡೆ ತಿರುಗಿ, "ನಿಶ್ಚಯ ಯಾವಾಗ ಇಟ್ಕೊಳ್ಳೂಣ್ರಿ?" ಎಂದು ಕೇಳಿದ. ಅಂದು ನಾನು ನಾಲ್ಕು ಹೋಳಿಗೆ ತಿಂದೆ, ಸಕ್ಕರೆ ಕಾಯಿಲೆ ನೋಡಲಿಲ್ಲ.

ಮನೆಗೆ ಬಂದು ಮೊದಲು ಮಾಡಿದ ಕೆಲಸ, ಆ ಇಬ್ಬರನ್ನು ಬೇರೆ ಮಾಡಿದ್ದು. ನಿಡಗುಂದಿಯವಳನ್ನು ಅವಳ ಗಂಡನಿಗೆ ಒಪ್ಪಿಸಿದೆ. ದೊಡ್ಡಜ್ಜನ ಕೆಳಗೆ ಮಗಳು, ಮೊಮ್ಮಗಳು, ಅವಳ ಮಕ್ಕಳು ಮರಿಗಳು ಸೇರಿ ಇಪ್ಪತ್ತೇಳು ಜನರನ್ನು ಬರೆದೆ.

ಬಾಗೇವಾಡಿಯಲ್ಲಿ ಮದುವೆ ಜೋರಾಗಿ ಆಯಿತು. ಅಕ್ಷತೆ ಬಿದ್ದ ಮೇಲೆ ಅಣ್ಣ ನನ್ನ ಪಕ್ಕಕ್ಕೆ ಬಂದು ಕೂತ. ಎತ್ತಿನ ಮಾತು ಬರುತ್ತದೆ ಎಂದು ಕಾದೆ. ಬರಲಿಲ್ಲ.

"ಮೊಬೈಲ್ ತಗೀ, ತಂಗಿ. ಹೆಣ್ಣುಮಕ್ಕಳ ಹೆಸರು ಹಾಕು."

ಮೂವರ ಹೆಸರನ್ನೂ ಹುಟ್ಟಿದ ವಾರದ ಸಮೇತ ಹೇಳಿದ. ಅಷ್ಟೂ ಅವನಿಗೆ ನೆನಪಿತ್ತು. ಬರೆದು ಮೊಬೈಲು ಮುಚ್ಚುತ್ತಿದ್ದೆ, ಕೈ ಹಿಡಿದ.

"ಇನ್ನೊಬ್ಬಾಕಿ ಇದ್ಲು. ಇವರೆಲ್ಲಾರಕಿಂತ ಹಿರಿಯಾಕಿ. ಮೂರು ದಿನ ಇದ್ದು ಹೋದ್ಲು. ಹೆಸರು ಇಟ್ಟಿದ್ದಿಲ್ಲ. ಆಕೀನೂ ಬರೀತಿಯೇನು?"

ಹೆಸರಿಲ್ಲದೆ ತಾಣ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ. ಹೆಸರಿನ ಜಾಗದಲ್ಲಿ "ಮಗಳು" ಎಂದು ಬರೆದು ಉಳಿಸಿದೆ. ಅಣ್ಣ ಕನ್ನಡಕ ಹಾಕಿಕೊಂಡು, ತನ್ನ ಹೆಸರಿನ ಕೆಳಗೆ ಅದು ಬಂದಿರುವುದನ್ನು ನೋಡಿದ ಮೇಲೆಯೇ ಊಟಕ್ಕೆ ಎದ್ದ.