ಕೋರ್ಟಿನ ಮೇಲೆ ರಾಗಿ ರಾಶಿ

ನಿಮ್ಮಮ್ಮನ ಕಾಲೇಜಿನವರು ಅಚ್ಚು ಹಾಕಿಸಿ ಮನೆಗೆ ಕಳಿಸಿದ ಪುಸ್ತಕವನ್ನು ನೀವಿಬ್ಬರೂ ನೋಡಿದ್ದೀರಿ. ಮೊದಲ ಪುಟದಲ್ಲೇ ಒಂದು ಫೋಟೊ ಇದೆ. ನಡುವೆ ಬಿಳಿ ಅಂಗಿ, ಬಿಳಿ ಪಂಚೆಯ ದಪ್ಪ ಮನುಷ್ಯರೊಬ್ಬರು ಗೆದ್ದ ಕಪ್ಪನ್ನು ಎದೆಗೊತ್ತಿ ಹಿಡಿದು ನಿಂತಿದ್ದಾರೆ, ತಾವೇ ಮೊಟ್ಟೆಯಿಂದ ಮರಿ ಮಾಡಿಸಿ ಸಾಕಿದ ಕೋಳಿಯೇನೋ ಎಂಬಂತೆ. ಹುಡುಗಿಯರು ಹಿಂದಿನ ಸಾಲಿನಲ್ಲಿದ್ದಾರೆ. ನಿಮ್ಮಮ್ಮ ಎಡಗಡೆಯ ಅಂಚಿನಲ್ಲಿದ್ದಾಳೆ, ಅರ್ಧ ಭುಜ ಕತ್ತರಿಸಿ ಹೋಗಿದೆ. ಕೆಳಗೆ "ಅಧ್ಯಕ್ಷರ ದೂರದೃಷ್ಟಿಯ ಫಲ" ಎಂದು ಬರೆದಿದ್ದಾರೆ.

ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಅದನ್ನು ತೋರಿಸಿ, "ಅಜ್ಜಿ, ಇವ್ರೇನಾ ಅಮ್ಮಂಗೆ ಬ್ಯಾಸ್ಕೆಟ್‌ಬಾಲ್ ಹೇಳ್ಕೊಟ್ಟಿದ್ದು?" ಎಂದು ಕೇಳಿದಳು. ನನ್ನ ಬಾಯಿಗೆ ಮಾತು ಯಾವತ್ತೂ ಸಮಯಕ್ಕೆ ಬಂದದ್ದಲ್ಲ. ಅನುಗೊಂಡನಹಳ್ಳಿ ಪಕ್ಕದ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ನಿಲ್ಲುತ್ತಿತ್ತು. ಆದರೆ ಅಕ್ಷರ ದುಂಡಗಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ನಿಮ್ಮಮ್ಮ ಹೈಸ್ಕೂಲಿನಲ್ಲಿ ಆಡಲು ಶುರು ಮಾಡಿದಾಗ ಅವಳ ಶೂಗಳನ್ನು ಒಲೆಯ ಹಿಂದಿನ ಸೌದೆ ಸಂದಿಯಲ್ಲಿ ಬಚ್ಚಿಟ್ಟವಳು ನಾನೇ. ಬರಿಗಾಲಲ್ಲಿ ಹೋಗಿ ಆಡಿ, ಅಂಗಾಲು ಸುಟ್ಟುಕೊಂಡು ಬಂದಳು. ನಿಮ್ಮ ತಾತ ಸೌದೆ ಎಳೆದು ಶೂ ತೆಗೆದು ಅವಳ ಮುಂದಿಟ್ಟರು. ಅವರು ಆವತ್ತು ನನ್ನನ್ನು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಅವರು ತೀರಿಕೊಂಡ ವರ್ಷ ನಾನೇ ಕಳೆ ಕಿತ್ತು, ನಾನೇ ಕೊಯ್ದ ರಾಗಿಯನ್ನು ಮನೆಯ ಗಂಡಸರು ಕಣದಲ್ಲಿ ತುಳಿಸಿ ರಾಶಿ ಮಾಡಿದರು. ನಾನು ಮೊರ ಹಿಡಿದುಕೊಂಡು ಹೋದೆ. ನನ್ನ ಮೈದುನ ಕಣದ ಅಂಚಿನಲ್ಲೇ ತಡೆದು, "ಅತ್ಗೆ, ಪೂಜೆ ಆಗಿರೋ ರಾಶಿ. ನೀವು ಈಗ ಬರಂಗಿಲ್ಲ, ಗೊತ್ತಲ್ವಾ" ಎಂದ. ಗಂಡ ಸತ್ತವಳು ರಾಶಿ ಮುಟ್ಟಬಾರದಂತೆ. ಕಳೆ ಕೀಳುವಾಗ ಆ ಮಾತು ಯಾರಿಗೂ ನೆನಪಾಗಿರಲಿಲ್ಲ. ನಾನು ಖಾಲಿ ಮೊರ ಹಿಡಿದುಕೊಂಡು ತಿರುಗಿ ಬಂದೆ. ಅದಾದ ಮೇಲೆಯೇ ದೊಡ್ಡಬಳ್ಳಾಪುರಕ್ಕೆ, ನಿಮ್ಮಮ್ಮನ ಮನೆಗೆ ಬಂದುಬಿಟ್ಟದ್ದು.

ಆಗ ಅವಳು ಈ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಪಿ.ಟಿ. ಮೇಡಂ ಆಗಿ ಸೇರಿದ್ದಳು. ಪಿ.ಟಿ. ಮೇಡಂ ಎಂದರೆ ಪ್ರಿನ್ಸಿಪಾಲರ ಪಾಲಿಗೆ ಗಣರಾಜ್ಯೋತ್ಸವದ ದಿನ ಬಾವುಟದ ಹಗ್ಗ ಕಟ್ಟುವವಳು, ಭಾಷಣದ ಹೊತ್ತಿಗೆ ಕುರ್ಚಿ ಸಾಲು ಮಾಡಿಸುವವಳು, ಜಡೆ ಹಾಕದೆ ಬಂದ ಹುಡುಗಿಯರನ್ನು ಗೇಟಿನಲ್ಲಿ ತಡೆಯುವವಳು. ಆಟದ ಕೋಣೆ ಎಂದು ಅವಳಿಗೆ ಕೊಟ್ಟ ಕೋಣೆಯಲ್ಲಿ ಮುರಿದ ಬೆಂಚುಗಳೂ ಗಾಳಿ ಇಲ್ಲದ ಎರಡು ಚೆಂಡುಗಳೂ ಇದ್ದವು. ಟೀಮು ಮಾಡುತ್ತೇನೆ ಎಂದದ್ದಕ್ಕೆ ಪ್ರಿನ್ಸಿಪಾಲರು, "ನಮ್ ಹುಡ್ಗೀರು ಥ್ರೋಬಾಲ್ ಆಡ್ತಾರಲ್ಲಮ್ಮಾ, ಸಾಕಲ್ವಾ? ಓಡೋದೆಲ್ಲ ಯಾಕೆ?" ಎಂದರಂತೆ. ಓಡಿ ಬಸ್ಸು ಹಿಡಿದು ಕಾಲೇಜಿಗೆ ಬರುವ ಹುಡುಗಿಯರ ಬಗ್ಗೆ ಆಡಿದ ಮಾತು ಇದು.

ಅವಳು ಹುಡುಗಿಯರನ್ನು ಹುಡುಕಿದ ರೀತಿ ನನಗೆ ವಿಚಿತ್ರವಾಗಿ ಕಂಡಿತ್ತು. ಯಾವ ಆಟ ಆಡಿದ್ದೀಯ ಎಂದು ಅವಳು ಯಾರನ್ನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಏನು ಕೆಲಸ ಮಾಡುತ್ತೀಯ ಎಂದು ಕೇಳುತ್ತಿದ್ದಳು. ಅಪ್ಪ ಗಾರೆ ಕೆಲಸದವನು, ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಗೋಡೆಗೆ ಕಟ್ಟಿದ ಸಾರವೆ ಮೇಲೆ ನಿಂತು ಹಿಡಿಯುತ್ತೇನೆ ಎಂದ ಒಬ್ಬ ಉದ್ದನೆಯ ಹುಡುಗಿಯನ್ನು ಆವತ್ತೇ ಆರಿಸಿಕೊಂಡಳು. ಮಾಕಳಿದುರ್ಗದ ಕಡೆಯಿಂದ ಬರುವ ಒಬ್ಬಳು ಮೇಕೆ ಕಾಯುತ್ತಿದ್ದಳು. ಇನ್ನೊಬ್ಬಳು ಮಗ್ಗದ ಮನೆಯಲ್ಲಿ ನಾಲ್ಕು ಯಂತ್ರಗಳ ನಡುವೆ ಓಡಾಡಿ ಕಡಿದ ಎಳೆ ಕಟ್ಟುವವಳು. ಆಟದವರು ಎಲ್ಲಿದ್ದಾರೆ ಎಂದು ಹಲ್ಲು ಕಿಸಿಯುತ್ತಿದ್ದ ಪ್ರಿನ್ಸಿಪಾಲರ ಕಿಟಕಿಯ ಮುಂದೆಯೇ ಇವರೆಲ್ಲ ದಿನಾ ಓಡಾಡುತ್ತಿದ್ದರು.

ಕೋರ್ಟನ್ನು ಕಟ್ಟಿದ್ದೂ ಹಾಗೆಯೇ. ಕಾಲೇಜಿನ ಹಿಂದೆ ಯಾವುದೋ ಕಟ್ಟಡಕ್ಕೆಂದು ನೆಲ ಸಮ ಮಾಡಿ ಕೈಬಿಟ್ಟ ಜಾಗವಿತ್ತು. ಉದ್ದನೆಯ ಹುಡುಗಿಯ ಅಪ್ಪ ತನ್ನ ಆಳುಗಳನ್ನು ಕರೆತಂದು ಸಿಮೆಂಟು ಹಾಕಿದ. ಕಂಬ, ರಿಂಗು ಮಾಡಿದವರು ಬಾಶೆಟ್ಟಿಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಒಬ್ಬ ಸಾಹೇಬರು. ಅವರ ಮಗಳೂ ಅದೇ ಕಾಲೇಜು.

"ಮೇಡಂ, ನಮ್ ಬೇಟಿಗೂ ಆಡೋದು ಇಷ್ಟ. ತಲೆ, ಮೈ ಪೂರಾ ಮುಚ್ಕೊಂಡು ಆಡಿದ್ರೆ ನಡೀತದಾ?" ಎಂದು ಅವರು ಕೇಳಿದರು.

"ಕೈಕಾಲು ಆಡಿದ್ರೆ ಸಾಕು ಸಾಹೇಬ್ರೇ. ಬಟ್ಟೆ ನಿಮ್ಮಿಷ್ಟ."

"ಹಂಗಾದ್ರೆ ರಿಂಗು ಗಟ್ಟಿ ಮಾಡ್ತೀನಿ ಬಿಡಿ. ಮಂಗ ಜೋತಾಡಿದ್ರೂ ಬಗ್ಗಬಾರ್ದು."

ಅದು ಇವತ್ತಿಗೂ ಬಗ್ಗಿಲ್ಲ.

ಬೆಳಗಿನ ಆಟದ ಹೊತ್ತಿಗೆ ನಿಮ್ಮಲ್ಲಿ ದೊಡ್ಡವನನ್ನು ನಾನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ, ಕೋರ್ಟಿನ ಪಕ್ಕದ ಹೊಂಗೆ ಮರದ ಕೆಳಗೆ ಕೂರುತ್ತಿದ್ದೆ. ನಿಮ್ಮಮ್ಮ ಸುಮಾರು ಎರಡು ತಿಂಗಳು ಅವರ ಕೈಗೆ ಚೆಂಡನ್ನೇ ಕೊಡಲಿಲ್ಲ. ಬರೀ ನಿಲ್ಲುವುದು, ಬಗ್ಗುವುದು, ಪಕ್ಕಕ್ಕೆ ಸರಿಯುವುದು. "ಆಂಟಿ, ಮೇಡಂ ನಮ್ಮನ್ನ ಏಡಿ ಮಾಡ್ತಾವ್ರೆ" ಎಂದು ಉದ್ದನೆಯ ಹುಡುಗಿ ನನ್ನ ಹತ್ತಿರ ಬಂದು ಗೋಳಾಡುತ್ತಿದ್ದಳು. ಮೊದಲ ವರ್ಷ ಆಡಿದ ಕಡೆಯೆಲ್ಲ ಸೋತರು. ಸೋತ ಸುದ್ದಿ ಮಾತ್ರ ಕಾಲೇಜಿನ ಸೂಚನಾ ಫಲಕದಲ್ಲಿ ತಪ್ಪದೆ ಬರುತ್ತಿತ್ತು. ಎರಡನೆಯ ವರ್ಷ ಗೆಲ್ಲಲು ಶುರು ಮಾಡಿದಾಗ ಫಲಕಕ್ಕೆ ಬರೆಯುವ ಸೀಮೆಸುಣ್ಣ ಮುಗಿದುಹೋಯಿತೋ ಏನೋ.

ಮೂರನೆಯ ವರ್ಷ ಯೂನಿವರ್ಸಿಟಿಯ ಅಂತರ ಕಾಲೇಜು ಪಂದ್ಯಾವಳಿಯನ್ನು ನಮ್ಮಲ್ಲೇ ನಡೆಸಲು ನಿಮ್ಮಮ್ಮ ಅರ್ಜಿ ಹಾಕಿದಳು. ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು, ಅಂದರೆ ಫೋಟೊದಲ್ಲಿರುವ ಆ ಬಿಳಿ ಪಂಚೆಯವರು, ಕೋರ್ಟಿನ ಜಾಗದಲ್ಲಿ ಕಾರು ನಿಲ್ಲಿಸಲು ಶೆಡ್ ಹಾಕಿಸಬೇಕೆಂದಿದ್ದರು. ಕಾರು ಬಿಸಿಲಿಗೆ ಕಾಯುತ್ತದಂತೆ. "ಪಂದ್ಯ ಇಲ್ಲಿ ಆದ್ರೆ ಕೋರ್ಟು ಉಳ್ಕೊಳ್ಳುತ್ತೆ. ಆಗ್ಲಿಲ್ಲ ಅಂದ್ರೆ ಶೆಡ್ಡು" ಎಂದು ಸಭೆಯಲ್ಲಿ ಹೇಳಿಬಿಟ್ಟಿದ್ದರು. ಜಾಗ ನೋಡಲು ಯೂನಿವರ್ಸಿಟಿಯವರು ಒಂದು ಬುಧವಾರ ಬೆಳಿಗ್ಗೆ ಬರುವುದೆಂದು ಗೊತ್ತಾಯಿತು.

ಅದರ ಹಿಂದಿನ ಶನಿವಾರ ಅಧ್ಯಕ್ಷರ ರಾಗಿ ಬಂದು ಕೋರ್ಟಿನ ಮೇಲೆ ಬಿತ್ತು.

ಅಧ್ಯಕ್ಷರು ತಮ್ಮ ಕಣದ ಜಾಗವನ್ನು ಲೇಔಟ್ ಮಾಡಿ ಎಂದೋ ಮಾರಿದ್ದರು. ಎರಡು ಎಕರೆ ಮಾತ್ರ ಹೆಸರಿಗೆ ಉಳಿಸಿಕೊಂಡು ರಾಗಿ ಬೆಳೆಸುತ್ತಿದ್ದರು. ತೆನೆಯನ್ನು ರಸ್ತೆಯ ಮೇಲೆ ಹಾಕಿದರೆ ಪೊಲೀಸರು ಗದರುತ್ತಾರೆ. ನುಣ್ಣಗಿನ ಸಿಮೆಂಟು ನೆಲ ಕಾಲೇಜಿನಲ್ಲಿ ಬಿದ್ದಿದೆಯಲ್ಲ! ಟ್ರ್ಯಾಕ್ಟರ್ ಓಡಿಸಿ ತೆನೆ ತುಳಿಸಿದರು, ತೂರಿಸಿದರು. ಮಂಗಳವಾರ ಬೆಳಿಗ್ಗೆ ರಾಶಿ ಮಾಡಿ, ಸೆಗಣಿಯ ಗಣಪ, ಬೆನವನನ್ನಿಟ್ಟು ಹೂವು ಏರಿಸಿ ಪೂಜೆ ಮಾಡಿದರು. ಮೊಬೈಲಿನಲ್ಲಿ ಸುದ್ದಿ ಬಿಡುವ ಹುಡುಗರಿಬ್ಬರನ್ನು ಕರೆಸಿ, ಅವರ ಮುಂದೆ ನಿಂತು, ತಾವು ಎಷ್ಟೇ ದೊಡ್ಡವರಾದರೂ ಹಿರಿಯರ ಪದ್ಧತಿಯನ್ನು ಒಂದು ಕೂದಲಷ್ಟೂ ಬಿಟ್ಟವರಲ್ಲ ಎಂದು ಮಾತಾಡಿದರು. ಊರಿಂದ ಕರೆತಂದ ಅವರ ಮುದಿ ತಾಯಿಯನ್ನು ರಾಶಿಯ ಪಕ್ಕ ಕುರ್ಚಿಯಲ್ಲಿ ಕೂರಿಸಿದ್ದರು, ಫೋಟೊಕ್ಕೆ.

ನಿಮ್ಮಮ್ಮ ಕೈಮುಗಿದು ಕೇಳಿದಳು. "ಸರ್, ನಾಳೆ ಬೆಳಿಗ್ಗೆ ಯೂನಿವರ್ಸಿಟಿಯೋರು ಬರ್ತಾರೆ. ಸಂಜೆ ಒಳ್ಗೆ ತೆಗ್ಸಿಕೊಡಿ ಸರ್."

"ಪೂಜೆ ಆಗಿರೋ ರಾಶಿ ಕಣಮ್ಮ ಇದು. ಶುಕ್ರವಾರದವರ್ಗೂ ಅಳೆಯಂಗಿಲ್ಲ, ಅಲ್ಲಾಡ್ಸಂಗಿಲ್ಲ. ನಮ್ಮೋರ ಪದ್ಧತಿ. ನಿಮ್ ಚೆಂಡಾಟ ಎಲ್ಲಿಗ್ ಓಡೋಗುತ್ತೆ?" ಎಂದವರು, ಹಿಂದೆ ನಿಂತಿದ್ದ ಹುಡುಗಿಯರ ಕಾಲಿನ ಕಡೆ ನೋಡಿ, "ಏಯ್, ಶೂ ಹಾಕ್ಕೊಂಡು ಕಣದ ಹತ್ರ ಬರ್ಬೇಡ್ರಮ್ಮಾ!" ಎಂದು ಗದರಿದರು. ಪ್ರಿನ್ಸಿಪಾಲರು ತಮ್ಮ ಚಪ್ಪಲಿಯನ್ನು ಆಗಲೇ ಕೈಯಲ್ಲಿ ಹಿಡಿದು ನಿಂತಿದ್ದರು.

ನಿಮ್ಮಮ್ಮ ಹೊಂಗೆ ಮರದ ಕೆಳಗೆ ಬಂದು ನನ್ನ ಪಕ್ಕ ಕುಳಿತಳು. ಅವಳು ಅಳುವವಳಲ್ಲ. ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು. ನಾನು ರಾಶಿಯನ್ನೇ ನೋಡುತ್ತಿದ್ದೆ. ನನ್ನ ಮೈದುನನ ಮುಖ ಕಣ್ಣಿಗೆ ಬಂತು. ಪದ್ಧತಿಯಂತೆ! ನನಗಿಂತ ಚೆನ್ನಾಗಿ ಪದ್ಧತಿ ಗೊತ್ತಿದ್ದವರು ಆ ಕಾಂಪೌಂಡಿನೊಳಗೆ ಯಾರಿದ್ದರು?

"ರಾಶಿ ಕಣದಲ್ಲಿರೋವರ್ಗೂ ಬಂದು ಕೈಯೊಡ್ಡಿದೋರ್ನ ಬರಿಗೈಲಿ ಕಳಿಸಂಗಿಲ್ಲ" ಎಂದೆ.

"ಏನಮ್ಮ ಹಂಗಂದ್ರೆ?"

"ಯಾರ್ ಬಂದ್ರೂ ಒಂದು ಮೊರ ರಾಗಿ ಹಾಕ್ಬೇಕು. ಜಾತಿ ಕೇಳಂಗಿಲ್ಲ, ಊರು ಕೇಳಂಗಿಲ್ಲ. ನಿನ್ ಹುಡ್ಗೀರ್ನ ಕಳ್ಸು."

"ನನ್ ಪ್ಲೇಯರ್ಸು ಭಿಕ್ಷೆ ಬೇಡ್ಬೇಕಾ?" ಅವಳಿಗೆ ಸಿಟ್ಟು ಬಂತು.

"ಭಿಕ್ಷೆ ಅಲ್ಲ ಕಣೇ. ಕಣದಲ್ಲಿ ಕೇಳೋದು ಪಾಲು."

ಉದ್ದನೆಯ ಹುಡುಗಿ ಕೇಳಿಸಿಕೊಂಡು ಕಿಸಕ್ಕೆಂದಳು. "ಮೇಡಂ, ನಮ್ ಟೀಮಷ್ಟೇ ಯಾಕೆ? ಇಡೀ ಕಾಲೇಜಿಗೇ ಹೇಳ್ಬಿಡ್ಲಾ?" ಆದರೆ ಹೋಗಿ ಏನು ಕೇಳಬೇಕೆಂದು ಅವರಲ್ಲಿ ಒಬ್ಬಳಿಗೂ ಗೊತ್ತಿರಲಿಲ್ಲ. ಮೊದಲು ಯಾರಾದರೂ ತೋರಿಸಬೇಕಿತ್ತು. ಎಲ್ಲರೂ ನನ್ನನ್ನೇ ನೋಡಿದರು.

ಮಕ್ಕಳೇ, ಆ ಮರದಿಂದ ರಾಶಿಗೆ ನಲವತ್ತು ಹೆಜ್ಜೆ ಇರಬಹುದು. ಕ್ಯಾಂಟೀನಿನ ಹೆಂಗಸಿನಿಂದ ಒಂದು ಮೊರ ಈಸಿಕೊಂಡು, ಚಪ್ಪಲಿ ಬಿಟ್ಟು ನಡೆದೆ. ಕಣದ ಅಂಚಿನಲ್ಲಿ ನಿಂತು, ಮೊರ ಒಡ್ಡಿ, "ಕಣ ಹುಲುಸಾಗ್ಲಿ" ಎಂದೆ.

ಅಧ್ಯಕ್ಷರು ನನ್ನ ಬರಿಗೊರಳು, ಬರಿಹಣೆ ನೋಡಿದರು. "ನೀವು ಮೇಡಂ ಅವರ ತಾಯಲ್ವಾ? ನೀವು ಇಲ್ಲಿಗೆ..." ಎಂದು ರಾಗ ಎಳೆದರು.

ಕುರ್ಚಿಯಲ್ಲಿದ್ದ ಅವರ ತಾಯಿ ತೂಕಡಿಸುತ್ತಿದ್ದಾರೆ ಎಂದುಕೊಂಡಿದ್ದೆ. "ನಾನೂ ಮುಂಡೇನೇ ಕಣ್ಲಾ" ಎಂದರು ಆ ಮುದುಕಿ. "ನಿಮ್ಮಪ್ಪ ಸತ್ತು ಎಷ್ಟು ವರ್ಷಾತು? ಫೋಟೊಕ್ಕೆ ನನ್ನ ರಾಶಿ ಪಕ್ದಲ್ಲಿ ಕೂರ್ಸಿಲ್ವಾ? ಹಾಕ್ಲಾ ಮೊರಕ್ಕೆ!"

"ಅವ್ವಾ, ಶುಕ್ರವಾರದವರ್ಗೂ..."

"ಅಳೆಯೋಕೆ ಶುಕ್ರವಾರ. ಕೊಡೋಕೆ ಯಾವ ವಾರ್ಲಾ?"

ಸುದ್ದಿಯ ಹುಡುಗರು ಮೊಬೈಲ್ ಹಿಡಿದೇ ಇದ್ದರು. ಅಧ್ಯಕ್ಷರು ಬಗ್ಗಿ, ಹಲ್ಲು ಕಾಣುವಂತೆ ನಗುತ್ತಾ, ನನ್ನ ಮೊರಕ್ಕೆ ರಾಗಿ ತುಂಬಿದರು. ನಾನು ತಿರುಗುವಷ್ಟರಲ್ಲಿ ನನ್ನ ಹಿಂದೆ ಉದ್ದನೆಯ ಹುಡುಗಿ ಶೂ ಬಿಚ್ಚಿ ನಿಂತಿದ್ದಳು. ಅವಳ ಹಿಂದೆ ಸಾಹೇಬರ ಮಗಳು, ಅವಳ ಹಿಂದೆ ಮೇಕೆಯವಳು. ಅವರ ಹಿಂದೆ ಬಿ.ಎ., ಬಿ.ಕಾಂ. ಹುಡುಗಿಯರು ಊಟದ ಡಬ್ಬಿ, ದುಪಟ್ಟ, ಲ್ಯಾಬಿನ ಬಕೆಟ್ಟು, ಹೀಗೆ ಕೈಗೆ ಸಿಕ್ಕಿದ್ದನ್ನು ಹಿಡಿದು ಗೇಟಿನವರೆಗೂ ಸಾಲು ನಿಂತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು, "ಕಣ ಹುಲುಸಾಗ್ಲಿ ಸರ್." ಆ ಸಾಲಿನಲ್ಲಿ ಒಮ್ಮೆ ಬಂದವಳೇ ಎರಡನೇ ಸಲವೂ ಬಂದಿದ್ದಳೇನೋ, ನಾನು ಲೆಕ್ಕ ಇಡಲಿಲ್ಲ. ಮುದುಕಿ ಪ್ರತಿಯೊಬ್ಬಳಿಗೂ "ತುಂಬ ಹಾಕ್ಲಾ, ಮೇಲೆ ಗೋಪುರ ಏಳ್ಲಿ" ಎನ್ನುತ್ತಿದ್ದರು. ಮಗನ ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಊಟದ ಹೊತ್ತಿಗೆ, ರಾಶಿ ಕರಗುತ್ತಿರುವುದನ್ನು ನೋಡಿ, ಅಧ್ಯಕ್ಷರು ಪಕ್ಕಕ್ಕೆ ಹೋಗಿ ಯಾರಿಗೋ ಫೋನ್ ಮಾಡಿದರು. ಆ ಮಂಗಳವಾರವೇ ಮೂರು ಗಂಟೆಯ ಮೇಲೆ ರಾಶಿ ಅಳೆಯಲು ಬಲು ಒಳ್ಳೆಯ ಗಳಿಗೆ ಇರುವುದು ಅವರಿಗೆ ಆಗ ತಿಳಿಯಿತಂತೆ. ನಾಲ್ಕಕ್ಕೆಲ್ಲ ಮೂಟೆ ಕಟ್ಟಿ ಟ್ರ್ಯಾಕ್ಟರಿನಲ್ಲಿ ಸಾಗಿಸಿದರು. ಹಿರಿಯರ ಪದ್ಧತಿ ಇಷ್ಟು ಬೇಗ ಬಗ್ಗಿದ್ದನ್ನು ನಾನು ಕಂಡಿರಲಿಲ್ಲ. ಸಾಹೇಬರ ರಿಂಗು ಅದಕ್ಕಿಂತ ಗಟ್ಟಿ.

ರಾಗಿ ಕಾಳಿನ ಮೇಲೆ ಕಾಲಿಟ್ಟರೆ ಜಾರುತ್ತದೆ. ಕತ್ತಲಾಗುವವರೆಗೂ ಹುಡುಗಿಯರು ಗುಡಿಸಿ, ತೊಳೆದು, ಬಿರುಕಿನೊಳಗಿನ ಕಾಳನ್ನು ಪೊರಕೆ ಕಡ್ಡಿಯಿಂದ ಕೆದಕಿ ತೆಗೆದರು. ಬುಧವಾರ ಬಂದ ಮನುಷ್ಯ ಚೆಂಡನ್ನು ನಾಲ್ಕು ಕಡೆ ಪುಟಿಸಿ ನೋಡಿ, ಕಾಗದಕ್ಕೆ ಸಹಿ ಹಾಕಿ, ಟೀ ಕುಡಿದು ಹೋದ.

ಪಂದ್ಯಾವಳಿ ನಮ್ಮಲ್ಲೇ ಆಯಿತು. ಆ ವರ್ಷ ನಾವು ಕಪ್ಪು ಗೆಲ್ಲಲಿಲ್ಲ, ಸೆಮಿಫೈನಲ್ಲಿನಲ್ಲಿ ಸೋತೆವು. ಗೆದ್ದದ್ದು ಮರು ವರ್ಷ. ಆದರೆ ಬಂದ ಟೀಮುಗಳಿಗೆಲ್ಲ ಮೂರು ದಿನ ನಾನೂ ಕ್ಯಾಂಟೀನಿನವಳೂ ಮುದ್ದೆ ತೊಳಸಿ ಹಾಕಿದೆವು. ಹುಡುಗಿಯರು ಈಸಿಕೊಂಡ ರಾಗಿಯನ್ನೆಲ್ಲ ತಂದು ಒಂದೇ ಕಡೆ ಸುರಿದು, ಬೀಸಿಸಿದ್ದರು. ಕೊನೆಯ ದಿನದ ಸಭೆಯಲ್ಲಿ ಅಧ್ಯಕ್ಷರು ಮೈಕು ಹಿಡಿದು, "ಕ್ರೀಡಾಪಟುಗಳ ಊಟಕ್ಕೆ ನಮ್ಮ ಹೊಲದ ರಾಗಿಯನ್ನೇ ಕೊಟ್ಟಿದ್ದೇನೆ" ಎಂದರು. ಚಪ್ಪಾಳೆಯೂ ಬಿತ್ತು. ಅದೇ ಪುಸ್ತಕದ ಹನ್ನೆರಡನೇ ಪುಟದಲ್ಲಿ ಅದೂ ಅಚ್ಚಾಗಿದೆ, ಹೋಗಿ ನೋಡಿ. ನಿಮ್ಮಮ್ಮನ ಕೆಲಸ ಕಾಯಂ ಆಗಲು ಅದಾದ ಮೇಲೂ ಐದು ವರ್ಷ ಹಿಡಿದದ್ದು ಮಾತ್ರ ಯಾವ ಪುಟದಲ್ಲೂ ಇಲ್ಲ.

ಈಗ ಅಧ್ಯಕ್ಷರ ರಾಗಿಯನ್ನು ಹೊಲದಲ್ಲೇ ಯಂತ್ರ ಕೊಯ್ದು ಮೂಟೆ ಮಾಡಿಬಿಡುತ್ತದೆ, ರಾಶಿಯೂ ಇಲ್ಲ, ಪೂಜೆಯೂ ಇಲ್ಲ. ಅವರ ತಾಯಿ ಹೋದ ವರ್ಷ ತೀರಿಕೊಂಡರು. ಅದಕ್ಕೆ ಮುಂಚೆ ಪ್ರತಿ ಸುಗ್ಗಿಯಲ್ಲೂ ಟ್ರ್ಯಾಕ್ಟರಿನ ಡ್ರೈವರನ ಕೈಯಲ್ಲಿ ನಮ್ಮ ಮನೆಗೆ ಒಂದು ಚೀಲ ರಾಗಿ ಕಳಿಸುತ್ತಿದ್ದರು. "ಉದ್ದುದ್ದ ಹುಡ್ಗೀರು ಈ ಸಲ ಯಾಕೆ ಬರ್ಲಿಲ್ಲ ಅಂತ ಅಜ್ಜಿ ಕೇಳ್ತಿದ್ರು" ಎನ್ನುತ್ತಿದ್ದ ಅವನು. ನೀವಿಬ್ಬರೂ ಬೆಳೆದದ್ದು ಆ ರಾಗಿಯ ಅಂಬಲಿ ಕುಡಿದು. ಅಧ್ಯಕ್ಷರಿಗೆ ಇದು ಗೊತ್ತಿತ್ತೋ ಇಲ್ಲವೋ, ನಾವು ಕೇಳಲಿಲ್ಲ.