ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು

ಮೊರದ ತುಂಬ ಹುಣಸೆಹಣ್ಣು ಹಾಕಿಕೊಂಡು ಬೀಜ ಬಿಡಿಸುತ್ತಿದ್ದೆ. ಪಕ್ಕದ ಮನೆ ಟೀಚರಮ್ಮ, ನಮ್ಮನೆಯವರ ಸ್ಕೂಲಿನವಳೇ, ಸ್ಕೂಲಿನಿಂದ ಬಂದವಳು ತನ್ನ ಮನೆ ಬೀಗವನ್ನೂ ತೆಗೆಯದೆ ನಮ್ಮ ಜಗಲಿಗೆ ಬಂದು ಕೂತಳು.

"ಅಕ್ಕಾ, ನಿಮ್ಮನೆಯವರು ಕೆಲಸ ಬಿಡ್ತೀನಿ ಅಂತ ಅರ್ಜಿ ಬರೆದುಕೊಟ್ಟವ್ರೆ, ಗೊತ್ತಾ?"

ಮೊರ ಪಕ್ಕಕ್ಕಿಟ್ಟೆ. ಎಪ್ಪತ್ತರ ದಶಕದ ಕೊನೆಯ ಮಾತಿದು. ಪಂಚನಹಳ್ಳಿಯಿಂದ ಅಜ್ಜಂಪುರಕ್ಕೆ ವರ್ಗವಾಗಿ ಬಂದು ವರ್ಷವೂ ಆಗಿರಲಿಲ್ಲ. ನಮ್ಮನೆಯವರು ಆರನೇ ಕ್ಲಾಸಿಗೆ ಲೆಕ್ಕ ಹೇಳುತ್ತಿದ್ದರು. ಮಕ್ಕಳು ಬಾಯಿಯೇ ಬಿಡುವುದಿಲ್ಲ, ನನ್ನ ಪಾಠ ಯಾರಿಗೂ ತಲುಪುತ್ತಿಲ್ಲ ಎಂದು ಒಂದು ತಿಂಗಳಿಂದ ಅರ್ಧ ಊಟಕ್ಕೇ ಏಳುತ್ತಿದ್ದರು. ಊರಿಗೆ ಹೋಗಿ ಅಣ್ಣನ ಜೊತೆ ತೆಂಗಿನತೋಟ ನೋಡಿಕೊಳ್ಳೋಣ ಎನ್ನುತ್ತಿದ್ದರು. ಸುಮ್ಮನೆ ಮಾತಿಗೆ ಹೇಳುತ್ತಾರೆ ಅಂದುಕೊಂಡಿದ್ದೆ. ಪಾಠ ಹೇಳುವುದು ಬಿಟ್ಟು ಆ ಜೀವಕ್ಕೆ ಇನ್ನೇನೂ ಬೇಕಿರಲಿಲ್ಲ, ಅದು ನನಗೆ ಗೊತ್ತಿತ್ತು.

ಶಿವನ ದಯೆ, ಹೆಡ್ ಮಾಸ್ಟರು ಅರ್ಜಿಯನ್ನು ಡ್ರಾಯರಿನಲ್ಲಿಟ್ಟು, "ಸೋಮವಾರ ತರೀಕೆರೆ ಆಫೀಸಿಗೆ ಹೋಗ್ತೀನಿ, ಅಲ್ಲೀವರೆಗೆ ಇಲ್ಲೇ ಇರ್ಲಿ" ಅಂದಿದ್ದರಂತೆ. ಅವತ್ತು ಮಂಗಳವಾರ.

"ನಾನೊಂದಿನ ಅವರ ಕ್ಲಾಸಲ್ಲಿ ಹಿಂದೆ ಕೂತ್ಕೋತೀನಿ ಅಕ್ಕಾ. ಅವರೂ ನನ್ ಕ್ಲಾಸಿಗೆ ಬರ್ಲಿ. ಒಬ್ಬರ ತಪ್ಪು ಇನ್ನೊಬ್ರು ಹೇಳೋಣ."

ಸಂಜೆ ಅವರಿಗೆ ತಿಳಿಸಿದರೆ ಉರಿದುಬಿದ್ದರು. "ಮೊನ್ನೆ ಕೆಲಸಕ್ಕೆ ಸೇರಿದ ಹುಡುಗಿ ಬಂದು ನನ್ನ ಪಾಠ ಅಳೀತಾಳಾ?"

"ಹೆಂಗೂ ಬಿಟ್ಟು ಹೋಗೋರು, ನಿಮಗೇನು ನಾಚಿಕೆ? ತೆಂಗಿನಮರ ನಿಮ್ಮನ್ನ ಮೇಷ್ಟ್ರೇ ಅಂತ ಕರೆಯುತ್ತಾ?" ಅಂದೆ. ಅಷ್ಟು ಜೋರಾಗಿ ಮಾತಾಡಿದ್ದು ನಾನೇನಾ ಅಂತ ಪೂಜೆಗೆ ಕೂತಾಗ ಅನ್ನಿಸಿತು.

ಮಾರನೇ ದಿನ ಬೆಳಿಗ್ಗೆ ಇವರು ಬರ್ಲಿ ಬಿಡು ಅಂದರು. ಟೀಚರಮ್ಮ ನನ್ನ ಮೊರದಿಂದ ಒಂದು ಹಿಡಿ ಹುಣಸೆಬೀಜ ಸೆರಗಿಗೆ ಕಟ್ಟಿಕೊಂಡು ಹೋದಳು. ಇವರು ಕೇಳಿದ ಒಂದೊಂದು ಪ್ರಶ್ನೆಗೂ ಒಂದು ಬೀಜ ಎತ್ತಿಟ್ಟಿದ್ದಳಂತೆ. ಸಂಜೆ ಜಗಲಿಯ ಮೇಲೆ ಎರಡು ಗುಡ್ಡೆ ಮಾಡಿದಳು. ಒಂದು ದೊಡ್ಡದು, ಇನ್ನೊಂದರಲ್ಲಿ ಎರಡೇ ಬೀಜ.

"ಬೇಜಾರು ಮಾಡ್ಕೋಬೇಡಿ ಸಾರ್. ಇದು ನೀವು ಕೇಳಿ ನೀವೇ ಉತ್ತರ ಹೇಳಿದ್ದು. ಇವೆರಡು ಮಕ್ಕಳು ಹೇಳಿದ್ದು. ಉಸಿರು ಎಳ್ಕೊಳ್ಳೋಕೂ ಬಿಡಲ್ಲ ನೀವು."

ಇವರ ಮುಖ ಸಣ್ಣದಾಯಿತು. "ಎಷ್ಟೊತ್ತು ಅಂತ ಕಾಯೋದಮ್ಮ?"

ಕಾಫಿ ತಂದ ನಾನೇ ಬಾಯಿಹಾಕಿದೆ. "ಪ್ರಶ್ನೆ ಕೇಳಿ ಮನಸ್ಸಲ್ಲೇ ಐದು ಸಲ ಓಂ ನಮಃ ಶಿವಾಯ ಅನ್ನಿ. ಆಮೇಲೆ ಮಾತಾಡಿ. ಹಾಲು ಉಕ್ಕೋವರೆಗೆ ನಾನು ಹಂಗೇ ಕಾಯೋದು."

"ಕ್ಲಾಸಲ್ಲಿ ಜಪ ಮಾಡ್ತಾ ನಿಂತ್ಕೊಳ್ಳಲೇನೇ?" ಎಂದು ನಕ್ಕರು. ಆ ನಗು ಕೇಳಿ ಒಂದು ತಿಂಗಳಾಗಿತ್ತು.

ಗುರುವಾರ ಆಕೆಯ ಕ್ಲಾಸಲ್ಲಿ ಕೂರುವ ಸರದಿ ಇವರದು. ಆಕೆ ಮುಂದಿನ ಸಾಲು ಬಿಟ್ಟು ಹಿಂದಕ್ಕೆ ಹೆಜ್ಜೆಯನ್ನೇ ಇಡುವುದಿಲ್ಲವಂತೆ. "ಹಿಂದಿನೋರೆಲ್ಲ ಕಿಟಕೀಲಿ ಕಡೂರು ಬಸ್ಸು ಎಣಿಸ್ತಿದ್ರು ಕಣಮ್ಮ. ಹೊತ್ತು ಹೋಗ್ಲಿಲ್ಲ, ನಾನೂ ಎಣಿಸ್ದೆ" ಅಂದರು. ಟೀಚರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಶುಕ್ರವಾರ ಇವರು ಜಪ ಮಾಡಿ ನೋಡಿದರೆ ಇಡೀ ಕ್ಲಾಸು ಹೆದರಿ ಕೂತಿತಂತೆ. ಮೇಷ್ಟ್ರ ತುಟಿ ಅಲ್ಲಾಡುತ್ತಿದೆ, ಶಾಪ ಹಾಕುತ್ತಿದ್ದಾರೆ ಅಂತ! ಒಬ್ಬರೂ ಉತ್ತರ ಹೇಳಲಿಲ್ಲ. ಮನೆಗೆ ಬಂದು ಮೂಲೆ ಹಿಡಿದರು. ಗೋಡೆಯಾಚೆಯಿಂದ ಟೀಚರಮ್ಮ ಕೂಗಿದಳು: "ತುಟಿ ಮುಚ್ಕೊಂಡು ಜಪ ಮಾಡಿ ಸಾರ್! ನಾಳೆ ನಾನೂ ಬಂದು ಕೂತ್ಕೋತೀನಿ."

ಶನಿವಾರ ಬೆಳಗಿನ ಸ್ಕೂಲು. ಮಧ್ಯಾಹ್ನ ಬಂದವರು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಮೂರನೇ ಸಲ ನಮಃ ಶಿವಾಯ ಅನ್ನೋಷ್ಟರಲ್ಲೇ ಒಂದು ಕೈ ಎದ್ದಿತು ಕಣೇ! ಹಿಂದಿನ ಸಾಲಿನ ಹುಡುಗಿ, ವರ್ಷವೆಲ್ಲ ಬಾಯಿಬಿಡದೋಳು. ಉತ್ತರ ತಪ್ಪು. ಆದ್ರೂ ಹೇಳಿದ್ಲು. ಪಕ್ಕದೋಳು ಹಂಗಲ್ಲ ಅಂದ್ಲು. ಇಬ್ರಿಗೂ ಜಗಳ ಹತ್ತಿ, ಬೋರ್ಡಿಗೆ ಬಂದು ಅವರೇ ಲೆಕ್ಕ ಬಿಡಿಸಿದ್ರು. ನಾನು ಚಾಕ್‌ಪೀಸ್ ಕೊಡ್ತಾ ನಿಂತಿದ್ದೆ, ಅಷ್ಟೆ."

"ಅರ್ಜಿ?" ಅಂದೆ.

"ತರೀಕೆರೆಗೆ ಒಯ್ಯಲಾ ಅಂತ ಹೆಡ್ ಮಾಸ್ಟರು ಕೇಳಿದ್ರು. ಕೊಡಿ ಇಲ್ಲಿ ಅಂದೆ." ಚಪ್ಪಲಿ ಬಿಟ್ಟು ಒಳಗೆ ಬಂದು, ಜೇಬಿನಿಂದ ಮಡಿಸಿದ ಕಾಗದ ತೆಗೆದು ಉರಿಯುತ್ತಿದ್ದ ಒಲೆಗೆ ಹಾಕಿದರು.

ನಾನು ದೇವರಮನೆ ಕಡೆ ತಿರುಗಿ ಕೈಮುಗಿದೆ. ಸೋಮವಾರ ಸ್ಕೂಲಿಗೆ ಬೇಕಲ್ಲ ಎಂದು, ಚಾಕ್‌ಪೀಸ್ ಪುಡಿ ಹತ್ತಿದ ಅವರ ಅಂಗಿ ಬಿಚ್ಚಿಸಿಕೊಂಡು ನೆನೆಹಾಕಲು ಹಿತ್ತಿಲಿಗೆ ಹೋದೆ.